ಮಗ್ಗದ ಗುಳಿಯಲ್ಲಿ ನೀರು

ಮೆಟ್ಟುಪಾಳ್ಯದಿಂದ ಸತ್ಯಮಂಗಲದ ಕಡೆ ಹೋಗುವ ದಾರಿಯಲ್ಲಿ, ಭವಾನಿ ಹೊಳೆಗೆ ಬೆನ್ನು ಕೊಟ್ಟು ಕೂತ ನೇಕಾರರ ಬೀದಿಯೊಂದಿದೆ. ಅಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಒಂದು ಹೊತ್ತು ಬರುತ್ತದೆ ನೋಡಿ, ಅದನ್ನು ಹಗಲು ಅನ್ನಬೇಕೋ ನಿದ್ದೆ ಅನ್ನಬೇಕೋ ತಿಳಿಯುವುದಿಲ್ಲ. ಮಗ್ಗಗಳು ಒಂದೊಂದಾಗಿ ಸದ್ದು ಇಳಿಸುತ್ತವೆ. ಹೆಂಗಸರು ರಾಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಾರೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಹಾಸಿನ ಎಳೆಗಳ ಮೇಲೆ ಬಿದ್ದು, ರೇಷ್ಮೆಯ ಬಣ್ಣ ಯಾವುದೆಂದು ನೇಯುವವನಿಗೇ ಮರೆತುಹೋಗುತ್ತದೆ.

ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಇಳಿದು ಬಂದವರ ಮಕ್ಕಳು ಇವರು. ಬೀದಿಗೆ ಬಿದ್ದರೆ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಓದಲು ಬರುವುದಿಲ್ಲ, ಬರೆಯಲು ಬರುವುದಿಲ್ಲ. ಆದರೆ ಬೈಯಲು, ಮುದ್ದಿಸಲು, ಅದಕ್ಕಿಂತ ಹೆಚ್ಚಾಗಿ ಮುಚ್ಚಿಡಲು ಕನ್ನಡವೇ ಬೇಕು. ಅಂಗಡಿಯವನ ಮುಂದೆ ಬೆಲೆ ಮಾತಾಡಿಕೊಳ್ಳುವಾಗ, ಬಸ್ಸಿನಲ್ಲಿ ಪಕ್ಕದ ಸೀಟಿನವಳ ಸುದ್ದಿ ಎತ್ತುವಾಗ ಥಟ್ಟನೆ ಕನ್ನಡಕ್ಕೆ ತಿರುಗಿಬಿಡುತ್ತಾರೆ. ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯ. ಈ ಧೈರ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಥ ಒಂದು ಮಧ್ಯಾಹ್ನ ವಿಜಯಕುಮಾರಿ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಳು. ಗಂಡ ಕುಮರೇಶನ್ ಮಗ್ಗದ ಗುಳಿಯೊಳಗೆ ಕಾಲು ಇಳಿಬಿಟ್ಟು, ಲಾಳಿ ನಿಲ್ಲಿಸಿ, ಕಂಬಕ್ಕೆ ತಲೆಯೊರಗಿಸಿದ್ದ. ಅತ್ತೆ ರಾಮಾತಾಳ್ ಬಾಗಿಲಲ್ಲಿ ಎಲೆ ಅಡಿಕೆ ಅಗಿಯುತ್ತಿದ್ದಳು. ಮಗಳು ಇಲಕ್ಕಿಯಾ, ಹನ್ನೊಂದನೇ ಕ್ಲಾಸಿನ ಹುಡುಗಿ, ಶಾಲೆಗೆ ಹೋಗದೆ ಚಾಪೆಯ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದಳು. ಬಲಗೈ ಕಿಬ್ಬೊಟ್ಟೆಯ ಮೇಲೆ. ಈಚೆಗೆ ಆ ಕೈ ಅಲ್ಲಿಂದ ಕದಲುವುದೇ ಅಪರೂಪವಾಗಿತ್ತು.

"ಅಮ್ಮಾ, ಮತ್ತೆ ಅದೇ ಕನಸು," ಎಂದಳು ಕಣ್ಣು ತೆರೆಯದೆ.

"ಯಾವ್ದು ಕಂದಾ?"

"ಅಪ್ಪನ ಮಗ್ಗದ ಗುಳೀಲಿ ನೀರು ತುಂಬ್ತಾ ಇದೆ. ನಾನು ಅದ್ರೊಳಗೆ ಕೂತಿದ್ದೀನಿ. ಮೇಲೆ ಸೀರೆ ಬಿಗಿಯಾಗಿ ಹಾಸಿದೆ. ನೀರು ಏರ್ತಾನೇ ಇದೆ, ಆಚೆ ಹೋಗಕ್ಕೆ ದಾರೀನೇ ಇಲ್ಲ. ಕೂಗಿದ್ರೂ ಯಾರ್ಗೂ ಕೇಳ್ಸಲ್ಲ. ನೀವೆಲ್ಲ ಮೇಲ್ಗಡೆ ಕೂತು ನೇಯ್ತಾನೇ ಇದ್ದೀರ."

"ಕನಸಲ್ಲಿ ನೀರು ಕಂಡ್ರೆ ಒಳ್ಳೇದೇ," ಎಂದಳು ಬಾಗಿಲ ಕಡೆಯಿಂದ ರಾಮಾತಾಳ್. "ಮದ್ವೆ ಹತ್ರ ಬಂತು ಅಂತ ಅರ್ಥ."

ವಿಜಯಕುಮಾರಿ ರಾಟೆ ತಿರುಗಿಸಿದಳು. ಅವಳ ಎದೆಯಲ್ಲಿ ಒಂದು ಭಯ ಕೂತಿತ್ತು, ಅದಕ್ಕೆ ಅವಳು ಹೆಸರಿಟ್ಟಿರಲಿಲ್ಲ.

ಹೆಸರಿಡಲು ಅವಳಿಗೆ ಯಾಕೆ ಆಗಲಿಲ್ಲ ಎಂಬುದನ್ನು ನಾನು ಹೇಳಿಬಿಡುತ್ತೇನೆ. ಆ ಕಡೆ ಹುಡುಗಿ ದೊಡ್ಡವಳಾದರೆ ಅದು ಮನೆಯೊಳಗಿನ ಸಂಗತಿಯಲ್ಲ, ಊರಿನ ಸಂಗತಿ. ಸೋದರಮಾವ ಹಸಿರು ಓಲೆಯ ಗುಡಿಸಲು ಕಟ್ಟಬೇಕು. ತಟ್ಟೆ ತಟ್ಟೆಯಾಗಿ ಸೀರು ಹೊತ್ತು ತರಬೇಕು, ಬಳೆ, ಹಣ್ಣು, ಸೀರೆ, ಒಡವೆ ಎಲ್ಲ ಅದರಲ್ಲಿ ಬರಬೇಕು. ಅರಿಸಿನದ ನೀರು ಸುರಿದು, ಮದುವೆ ಮಂಟಪ ಹಿಡಿದು, ಬಂಧು ಬಳಗಕ್ಕೆಲ್ಲ ಎಲೆ ಹಾಕಬೇಕು. ಬೀದಿಯ ತಿರುವಿನಲ್ಲಿ ಹುಡುಗಿಯ ನಗುಮುಖ ಅಚ್ಚಾದ ಆಳೆತ್ತರದ ಫ್ಲೆಕ್ಸ್ ಬೇರೆ! ಹೆತ್ತವಳು ಕಿವಿಯಲ್ಲಿ ಹೇಳಿಕೊಡಬೇಕಾದ ಮಾತನ್ನು ಲಾರಿ ಡ್ರೈವರುಗಳೂ ಓದಿಕೊಂಡು ಹೋಗಬೇಕು. ಇದಕ್ಕೆ ನಾವು ಸಂಭ್ರಮ ಎಂದು ಹೆಸರಿಟ್ಟಿದ್ದೇವೆ. ಆದದ್ದನ್ನು ಸಾರಿ ಹೇಳುವ ಊರು ಆಗದೆ ಉಳಿದವಳನ್ನು ಸುಮ್ಮನೆ ಬಿಟ್ಟೀತೇ?

ಇಲಕ್ಕಿಯಾಳ ಜೊತೆಯ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಫ್ಲೆಕ್ಸಿನ ಮೇಲೆ ಏರಿದರು. ಇವಳು ಮಾತ್ರ ಏರಲಿಲ್ಲ. ಎದುರು ಮನೆಯ ತಮಿಳ್‌ಸೆಲ್ವಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟಾಗಲೆಲ್ಲ ಕೇಳುತ್ತಿದ್ದಳು: "ಏನಕ್ಕಾ, ನಿಮ್ಮನೇಲಿ ಇನ್ನೂ ವಿಶೇಷ ಇಲ್ವಾ? ಹುಡುಗಿ ನೋಡಕ್ಕೆ ತೆಂಗಿನ ಗಿಡದಂಗೆ ಬೆಳೆದವಳೆ. ಮೇಲೆ ಬೆಳೆದ್ರೆ ಸಾಕಾ?" ಕೇಳಿ, ಏನೂ ಕೇಳದವಳ ಹಾಗೆ ನೀರು ತುಂಬಿಕೊಂಡು ಹೋಗುತ್ತಿದ್ದಳು.

ಇಲಕ್ಕಿಯಾಳಿಗೆ ಹದಿನೈದು ತುಂಬಿದಾಗ ರಾಮಾತಾಳ್ ಒಂದು ಉಪಾಯ ತೆಗೆದಳು.

"ಬರೋದು ಬಂದೇ ಬತ್ತದೆ. ಇವತ್ತಲ್ಲ, ನಾಳೆ. ಮುಂಚೇನೇ ಸೀರು ಮುಗಿಸ್ಬುಡಣ. ನೆಂಟ್ರು ಬಾಯ್ ಮುಚ್ಕೋತಾರೆ. ಒಳಗೆ ಏನಾಯ್ತು ಅಂತ ಯಾರ್ ಬಂದು ನೋಡ್ತಾರೆ?"

"ಅತ್ತೇ, ಸುಳ್ಳಾಗ್ತದಲ್ಲ? ಅಣ್ಣನಿಗೆ ಏನಂತ ಹೇಳಲಿ?"

"ದೊಡ್ಡವಳಾದ್ಲು ಅಂತ ಹೇಳು. ಗಂಡ್ಸು, ಅವನಿಗೇನು ತಿಳೀತದೆ?"

ವಿಜಯಕುಮಾರಿ ಹೇಳಿದಳು. ಬೀದಿಯ ಕಣ್ಣುಗಳಿಗೆ ಸೋತು ಹೇಳಿದಳು. ಅಣ್ಣ ವೆಲ್ಲಿಂಗಿರಿ ವೆಳ್ಳಕೋಯಿಲಿನಲ್ಲಿ ಪವರ್‌ಲೂಮ್ ಇಟ್ಟವನು. ಸುದ್ದಿ ಕೇಳಿದ್ದೇ ಅವನು, ಧೂಳು ಹಿಡಿದಿದ್ದ ಅಪ್ಪನ ಕೈಮಗ್ಗಕ್ಕೆ ಮತ್ತೆ ಹಾಸು ಕಟ್ಟಿ, ತಾನೇ ಕೂತು, ತಂಗಿಯ ಮಗಳಿಗೆಂದು ಅರಿಸಿನ ಬಣ್ಣದ ಸೀರೆ ನೇಯ್ದು ತಂದ. ಮಂಟಪದಲ್ಲಿ ಅದನ್ನು ಅವಳ ಕೈಗಿಡುವಾಗ ಆ ದೊಡ್ಡ ಆಳು ಚಿಕ್ಕ ಮಗುವಿನಂತೆ ಕಣ್ಣೊರೆಸಿಕೊಂಡ. ಇಲಕ್ಕಿಯಾ ತಲೆ ಎತ್ತಲಿಲ್ಲ. ನಾಚಿಕೆ ಅಂದುಕೊಂಡರು ಎಲ್ಲ.

ಬೀದಿಯ ಬಾಯಿ ಮುಚ್ಚಿತು. ಅದರ ಜೊತೆಗೆ ಇನ್ನೊಂದು ಬಾಗಿಲೂ ಮುಚ್ಚಿತು. ಇನ್ನು ಮುಂದೆ 'ನಮ್ಮ ಹುಡುಗಿಗೆ ಇನ್ನೂ ಆಗಿಲ್ಲ, ಯಾಕೆ?' ಎಂದು ಯಾರನ್ನೂ ಕೇಳುವಂತಿರಲಿಲ್ಲ. ಕೇಳಿದರೆ ಮಂಟಪದ ಊಟ, ಮಾವನ ಸೀರೆ, ಫ್ಲೆಕ್ಸಿನ ಮುಖ ಎಲ್ಲವೂ ಸುಳ್ಳಾಗುತ್ತಿತ್ತು.

ನೋವು ಶುರುವಾದದ್ದು ಆಮೇಲೆ. ತಿಂಗಳಿಗೊಮ್ಮೆ ಬರುತ್ತಿತ್ತು, ಬಂದು ಹೋಗುತ್ತಿತ್ತು. ವಿಜಯಕುಮಾರಿ ಪ್ರತಿ ಸಲವೂ ಹಿತ್ತಲಲ್ಲಿ ಒಗೆಯುವ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಏನೂ ಇರುತ್ತಿರಲಿಲ್ಲ. ಮೆಟ್ಟುಪಾಳ್ಯದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. "ತಿಂಗಳು ತಿಂಗಳು ಸರಿಯಾಗಿ ಬರುತ್ತದಾ?" ಎಂದು ಡಾಕ್ಟರು ತಮಿಳಿನಲ್ಲಿ ಕೇಳುವ ಹೊತ್ತಿಗೆ ಸರಿಯಾಗಿ, ತೆಳು ಪರದೆಯ ಆಚೆ ಬೆಂಚಿನ ಮೇಲೆ ಜ್ವರವೆಂದು ಬಂದ ತಮಿಳ್‌ಸೆಲ್ವಿ ಕೂತಿದ್ದಳು. "ಆಮಾಂಗ, ಬರುತ್ತದೆ," ಎಂದುಬಿಟ್ಟಳು ವಿಜಯಕುಮಾರಿ. ಹಾಗಾದರೆ ಇದು ಎಲ್ಲ ಹುಡುಗಿಯರಿಗೂ ಬರುವ ಮುಟ್ಟಿನ ನೋವೇ ಎಂದು ಡಾಕ್ಟರು ನೋವಿನ ಮಾತ್ರೆ ಕೊಟ್ಟರು. ಅವರದೇನು ತಪ್ಪು? ಕೇಳಿದ್ದಕ್ಕೆ ಸಿಕ್ಕ ಉತ್ತರ ಅದು.

ಮಂಟಪದ ಫ್ಲೆಕ್ಸನ್ನು ಕುಮರೇಶನ್ ಬಿಚ್ಚಿ ತಂದು, ಮಳೆ ಸೋರುವ ಕಡೆ ಮಗ್ಗದ ಮೇಲೆ ಸೂರಿಗೆ ಕಟ್ಟಿದ್ದ. ವಿಜಯಕುಮಾರಿ ಕಂಡಿಕೆ ಸುತ್ತುತ್ತ ತಲೆ ಎತ್ತಿದರೆ ಅಲ್ಲಿ ಮಗಳು ತಲೆಕೆಳಗಾಗಿ ನಗುತ್ತಿದ್ದಳು, ಕೆಳಗೆ ಚಾಪೆಯ ಮೇಲೆ ಅದೇ ಮಗಳು ಮುಲುಗುತ್ತಿದ್ದಳು. ಮಧ್ಯಾಹ್ನದ ಮಂಪರಿನಲ್ಲಿ ಅವಳಿಗೆ ಒಮ್ಮೊಮ್ಮೆ ಇಬ್ಬರಲ್ಲಿ ತನ್ನವಳು ಯಾರೆಂದು ಗೊಂದಲವಾಗುತ್ತಿತ್ತು.

ಆಮೇಲೆ ಹೊಟ್ಟೆ ಕಾಣಿಸಿಕೊಂಡಿತು. ಕಿಬ್ಬೊಟ್ಟೆಯಲ್ಲಿ ಗಟ್ಟಿಯಾಗಿ, ದುಂಡಗೆ. ತಲೆಗೆ ಎಣ್ಣೆ ಹಚ್ಚಿ ನೀರು ಹೊಯ್ಯುವಾಗ ತಾಯಿ ನೋಡಿದಳು. ಹಿಂದೆ ನಿಂತಿದ್ದ ಅಜ್ಜಿಯೂ ನೋಡಿದಳು.

"ಯಾರ್ ಜೊತೇಲಿ ಏನ್ ಮಾಡ್ಕೊಂಡು ಬಂದಿದ್ದೀಯ, ನಿಜ ಹೇಳು," ಎಂದಳು ರಾಮಾತಾಳ್.

ಇಲಕ್ಕಿಯಾಳಿಗೆ ಮೊದಲು ನಗು ಬಂತು. ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು. ಅಜ್ಜಿಯ ಮುಖ ನೋಡಿದ ಮೇಲೆ ಒದ್ದೆ ಮೈಯಲ್ಲೇ ಕುಸಿದು ಕೂತು ಅತ್ತಳು. ಮುಟ್ಟೇ ಕಾಣದ ಹುಡುಗಿಯ ಮೇಲೆ ಬಸುರಿನ ಅನುಮಾನ! ತಮ್ಮ ಸುಳ್ಳನ್ನು ತಾವೇ ನಂಬಿಬಿಟ್ಟರೆ ಮನುಷ್ಯರಿಗೆ ಇಷ್ಟು ಸಣ್ಣ ಲೆಕ್ಕವೂ ತಪ್ಪುತ್ತದೆ.

ಮುಂದಿನ ವಾರ ಒಂದು ಬೆಳಿಗ್ಗೆ ಹುಡುಗಿಗೆ ಮೂತ್ರ ನಿಂತೇಹೋಯಿತು. ಬಚ್ಚಲಿಗೆ ಹೋಗುತ್ತಾಳೆ, ಕೂರುತ್ತಾಳೆ, ಬೆವರಿಳಿಸಿಕೊಂಡು ವಾಪಸು ಬರುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಗೋಡೆ ಹಿಡಿದು ಚೀರಲು ಶುರುಮಾಡಿದಳು. ಕುಮರೇಶನ್ ಲಾಳಿ ಎಸೆದು ಎದ್ದು ಆಟೋ ತಂದ. ಮೂವರು ಹಿರಿಯರೂ ಸೇರಿ ಅವಳನ್ನು ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಹೊತ್ತುಕೊಂಡು ಹೋದರು.

ಅಲ್ಲಿ ನರ್ಸು ಟ್ಯೂಬ್ ಹಾಕಿ ಮೂತ್ರ ತೆಗೆದ ಮೇಲೆ ಹುಡುಗಿಯ ಉಸಿರು ಒಂದು ಹದಕ್ಕೆ ಬಂತು. ಮೂತ್ರ ಹೋದರೂ ಹೊಟ್ಟೆಯ ಗಟ್ಟಿ ಹೋಗಲಿಲ್ಲ. ಸ್ಕ್ಯಾನ್ ಮಾಡಿಸಿ ಎಂದರು. ಕುಮರೇಶನ್ ಹೊರಗೆ ಉಳಿದ. ತಾಯಿ ಮತ್ತು ಅಜ್ಜಿ ಒಳಗೆ ಹೋದರು.

ಸ್ಕ್ಯಾನ್ ಕೋಣೆ ತಣ್ಣಗೆ, ಅರೆಗತ್ತಲಾಗಿ ಇತ್ತು. ಯಂತ್ರ ಎಲ್ಲೋ ದೂರದ ಮಗ್ಗದಂತೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಹೊರಗಿನ ಬಿಸಿಲು, ಚೀರಾಟ, ಆಟೋದ ಕುಲುಕಾಟ ಎಲ್ಲವೂ ಯಾರದೋ ಬದುಕಿನಲ್ಲಿ ನಡೆದಂತೆ ದೂರ ಸರಿದವು. ಬಿಳಿ ಕೋಟಿನ ಎಳೆಯ ಡಾಕ್ಟರಮ್ಮ, ಹೆಸರು ಹಿನಾ, ಇಲಕ್ಕಿಯಾಳ ಹೊಟ್ಟೆಗೆ ತಣ್ಣನೆಯ ಲೋಳೆ ಸವರಿ, ತಡವರಿಸುವ ತಮಿಳಿನಲ್ಲಿ ಕ್ಲಿನಿಕ್ಕಿನ ಅದೇ ಪ್ರಶ್ನೆ ಕೇಳಿದಳು: "ಮಾಸಾ ಮಾಸಂ ಸರಿಯಾ ವರುದಾಮ್ಮಾ?"

ವಿಜಯಕುಮಾರಿ ಬಾಯಿ ತೆರೆದಳು. ಆಗ ರಾಮಾತಾಳ್, ಸೂರಿನ ಕಡೆ ನೋಡುತ್ತ, ದೇವರ ನಾಮ ಹೇಳಿಕೊಳ್ಳುವವಳ ಹಾಗೆ, ಮನೆಯ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು:

"ಏ ವಿಜಯಾ, ಬಾಯ್ ಬಿಟ್ಟೀಯ ಮತ್ತೆ. ತಿಂಗ್ಳಾ ತಿಂಗ್ಳಾ ಬತ್ತದೆ ಅಂತಾನೇ ಹೇಳು. ಇನ್ನೂ ಆಗೇ ಇಲ್ಲ ಅಂದ್ರೆ ಮಾಡಿದ ಸೀರಿಗೆಲ್ಲ ಮಣ್ಣು ಬೀಳ್ತದೆ. ಇವ್ಳಿಗೆ ನಮ್ ಮಾತು ಎಲ್ಲಿ ತಿಳೀತದೆ?"

ಹಿನಾಳ ಕೈ ಹುಡುಗಿಯ ಹೊಟ್ಟೆಯ ಮೇಲೆ ಹಾಗೇ ನಿಂತಿತು. ಒಂದು ಗಳಿಗೆ ಅವಳು ಪರದೆಯನ್ನೇ ನೋಡಿದಳು. ಆಮೇಲೆ ರಾಮಾತಾಳ್ ಕಡೆ ತಿರುಗಿ, ಒಬ್ಬರೇ ಒಳಗಿರಬೇಕು, ಅಜ್ಜಿ ಹೊರಗೆ ಕೂತುಕೊಳ್ಳಲಿ ಎಂದು ತಮಿಳಿನಲ್ಲಿ ನಯವಾಗಿಯೇ ಹೇಳಿ ಬಾಗಿಲು ಮುಚ್ಚಿಸಿದಳು. ಬಾಗಿಲು ಮುಚ್ಚಿದ ಮೇಲೆ ಕನ್ನಡದಲ್ಲಿ ಹೇಳಿದಳು:

"ಅಮ್ಮಾ, ನಾನು ತುಮಕೂರಿನವಳು."

ಹುಟ್ಟಿದಂದಿನಿಂದ ಕನ್ನಡವೆಂದರೆ ವಿಜಯಕುಮಾರಿಗೆ ಒಲೆಯ ಮುಂದಿನದು, ಮಗ್ಗದ ಪಕ್ಕದ್ದು. ಅದು ಬಿಳಿ ಕೋಟು ತೊಟ್ಟು ಎದುರಿಗೆ ನಿಲ್ಲುತ್ತದೆಂದು ಅವಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಹೆದರಬೇಡಿ. ನಿಮ್ಮನ್ನ ಬೈಯೋಕೆ ನಾನಿಲ್ಲಿ ಕೂತಿಲ್ಲ," ಎಂದಳು ಹಿನಾ. "ಇಲ್ಲಿ ನೋಡಿ. ಈ ಕಪ್ಪಗೆ ಕಾಣ್ತಿದೆಯಲ್ಲ, ಇದು ಒಳಗೆ ತುಂಬಿಕೊಂಡಿರೋದು. ತುಂಬಿದೆ ಅಂತ ಈ ಮಷಿನ್ ತೋರಿಸತ್ತೆ. ಯಾಕೆ ತುಂಬಿದೆ ಅನ್ನೋದನ್ನ ಅದೊಂದೇ ಹೇಳಕ್ಕಾಗಲ್ಲ. ಮುಟ್ಟು ಸರಿಯಾಗಿ ಬರ್ತಿದೆ ಅಂತ ನೀವು ಅಂದ್ರೆ ನಾನು ಇದನ್ನ ಗಡ್ಡೆ ಅಂದುಕೊಂಡು ಬೇರೆ ದಾರಿ ಹಿಡೀತೀನಿ. ಒಂದು ಸಲಾನೂ ಬಂದಿಲ್ಲ ಅಂದ್ರೆ ಇದರ ಅರ್ಥಾನೇ ಬೇರೆ. ಈಗ ಹೇಳಿ. ಮಗಳ ಗರ್ಭಕೋಶ ಉಳಿಯೋ ವಿಷಯ ಇದು."

ವಿಜಯಕುಮಾರಿ ಪರದೆ ನೋಡಿದಳು. ಬೂದು ಬಣ್ಣದ ಮಂಜು. ಹೊಳೆಯ ಮೇಲೆ ಮಾರ್ಗಳಿ ತಿಂಗಳ ಚಳಿಯಲ್ಲಿ ಏಳುವಂಥದ್ದು. ಆ ಮಂಜಿನ ನಡುವೆ ಅಲುಗಾಡದೆ ನಿಂತ ಕರೀ ನೀರು, ಅದರ ಮೇಲೊಂದು ಪುಟ್ಟ ದಿಬ್ಬದಂತೆ ಗರ್ಭಕೋಶ. ಹಿನಾಳ ಕೈ ಸರಿದಂತೆ ನೀರು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು, ಎಲ್ಲಿಗೂ ಹರಿಯುತ್ತಿರಲಿಲ್ಲ.

ಮಂಚದ ಮೇಲಿಂದ ಇಲಕ್ಕಿಯಾ ಕತ್ತು ತಿರುಗಿಸಿ ನೋಡಿದಳು.

"ಅಮ್ಮಾ," ಎಂದಳು, "ಅದೇ ನೀರು."

ವಿಜಯಕುಮಾರಿ ಹಿನಾಳ ಕಡೆ ತಿರುಗಿದಳು. "ಬಂದಿಲ್ಲ ಡಾಕ್ಟರಮ್ಮ. ಒಂದ್ಸಲಾನೂ ಬಂದಿಲ್ಲ. ಬಂತು ಅಂತ ಸೀರು ಮಾಡಿದ್ವಿ, ಮಂಟಪ ಹಿಡಿದ್ವಿ, ಊಟ ಹಾಕಿದ್ವಿ. ಎಲ್ಲಾ ಸುಳ್ಳು. ಕ್ಲಿನಿಕ್ಕಲ್ಲೂ ಸುಳ್ಳು ಹೇಳ್ದೆ. ನನ್ ಮಗು ಹೇಳ್ತಾನೇ ಇತ್ತು, ನೀರು ಏರ್ತಾ ಇದೆ ಅಂತ. ನಾನು ರಾಟೆ ತಿರುಗಿಸ್ಕೊಂಡು ಕೂತಿದ್ದೆ."

ಹಿನಾ ಅವಳನ್ನು ಅಳಲು ಬಿಟ್ಟಳು. ಆಮೇಲೆ ಬಿಡಿಸಿ ಹೇಳಿದಳು. ಇಲಕ್ಕಿಯಾಳಿಗೆ ಮುಟ್ಟು ಬರದೆ ಇರಲಿಲ್ಲ. ತಿಂಗಳು ತಿಂಗಳೂ ಬರುತ್ತಿತ್ತು. ಆಚೆ ಬರುವ ದಾರಿಗೆ ಅಡ್ಡವಾಗಿ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಒಂದು ಪೊರೆ ಬೆಳೆದುಬಿಟ್ಟಿದೆ. ರಕ್ತವೆಲ್ಲ ಅದರ ಹಿಂದೆ ನಿಂತು, ನಿಂತು, ಈಗ ಮೂತ್ರದ ಚೀಲವನ್ನೇ ಒತ್ತುತ್ತಿದೆ. ಇದು ಯಾರ ಪಾಪವೂ ಅಲ್ಲ, ಯಾವ ದೃಷ್ಟಿಯೂ ಅಲ್ಲ. ಕೆಲವು ಮಕ್ಕಳು ಹೀಗೆ ಹುಟ್ಟುತ್ತಾರೆ.

"ಎಂಆರ್‌ಐ ಒಂದು ಮಾಡಿಸೋಣ," ಎಂದಳು. "ಪೊರೆ ಎಷ್ಟು ದಪ್ಪ ಇದೆ, ಎಷ್ಟು ಮೇಲಿದೆ ಅಂತ ಅದರಲ್ಲಿ ಚೆನ್ನಾಗಿ ಕಾಣತ್ತೆ. ಅದು ಗೊತ್ತಾದ್ರೆ ಆಪರೇಷನ್ ಮಾಡೋರ ಕೈ ತಪ್ಪಲ್ಲ."

ಎಂಆರ್‌ಐ ಕೋಣೆಯ ಗಾಜಿನಾಚೆ ಮಗಳು ಬಿಳಿಯ ಗುಹೆಯೊಂದರೊಳಗೆ ಮೆಲ್ಲನೆ ಸರಿದು ಹೋಗುವುದನ್ನು ವಿಜಯಕುಮಾರಿ ನೋಡುತ್ತ ನಿಂತಳು. ಯಂತ್ರ ಟಕ್ ಟಕ್ ಎಂದು ಬಡಿಯತೊಡಗಿತು. ಲಾಳಿಯ ಸದ್ದಿಗೇ ಮಲಗಿ ಎದ್ದವಳಿಗೆ ಆ ಸದ್ದು ಅನ್ಯವೆನಿಸಲಿಲ್ಲ. ಒಳಗೆ ಯಾರೋ ಕೂತು ಮಗಳನ್ನು ಎಳೆ ಎಳೆಯಾಗಿ ಮತ್ತೆ ನೇಯುತ್ತಿದ್ದಾರೆ ಅನ್ನಿಸಿ, ನಿಂತಲ್ಲೇ ಕೈ ಮುಗಿದಳು.

ಚಿತ್ರ ಬಂತು. ಪೊರೆ ದಪ್ಪವಾಗಿಯೇ ಇತ್ತು, ಸ್ವಲ್ಪ ಮೇಲೆ ಇತ್ತು. ಗರ್ಭಕೋಶ ಒಂದೇ, ಚೆನ್ನಾಗಿದೆ. ಅಂಡಾಶಯ ಚೆನ್ನಾಗಿದೆ. ಕೆಲವರಿಗೆ ಇಂಥದ್ದರ ಜೊತೆ ಒಂದು ಕಿಡ್ನಿಯೇ ಇರುವುದಿಲ್ಲವಂತೆ, ಇವಳಿಗೆ ಎರಡೂ ಇದ್ದವು. ಆಪರೇಷನ್ ಬೇಗ ಆಗಬೇಕು, ಇನ್ನೂ ತಡ ಮಾಡಿದರೆ ಹಿಂದಕ್ಕೆ ಹರಿದ ರಕ್ತ ಒಳಗಿನದ್ದನ್ನೆಲ್ಲ ಕೆಡಿಸುತ್ತದೆ ಎಂದಳು ಹಿನಾ.

ಕಾರಿಡಾರಿನಲ್ಲಿ ರಾಮಾತಾಳ್ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು. ಈಗ ಮುಚ್ಚುಮರೆಯ ದನಿಯಿರಲಿಲ್ಲ.

"ಕನ್ನೆ ಹುಡುಗೀಗೆ ಅಲ್ಲಿ ಕತ್ತಿ ಹಾಕ್ತಾರಾ? ನಾಳೆ ಯಾವನ್ ಮದ್ವೆ ಆಗ್ತಾನೆ? ನಾವು ಚೌಡೇಶ್ವರಿ ಅಮ್ಮನಿಗೆ ಹರಕೆ ಕಟ್ಟಣ. ಮದ್ವೆ ಆದ್ಮೇಲೆ ಎಲ್ಲ ತಂತಾನೇ ಸರಿಹೋಗ್ತದೆ."

"ಅಜ್ಜಿ, ಮದುವೆವರೆಗೂ ಇವಳು ಇರಬೇಕಲ್ಲ?" ಎಂದಳು ಹಿನಾ. "ಕಣ್ಣಿಗೆ ಪೊರೆ ಬಂದ್ರೆ ತೆಗೆಸಲ್ವಾ? ಇದೂ ಪೊರೇನೇ. ತೆಗೆದ್ರೆ ಮರ್ಯಾದೆ ಹೋಗತ್ತೆ ಅಂತೀರಿ. ಒಳಗೆ ಕೊಳೆತ್ರೆ ಏನು ಉಳಿಯತ್ತೆ ಹೇಳಿ?"

"ನಿನಗೇನಮ್ಮ, ಹೇಳ್ಬುಟ್ಟು ಹೋಗ್ತೀಯ. ಬೀದೀಲಿ ತಲೆ ಎತ್ಕೊಂಡು ಓಡಾಡೋರು ನಾವು."

ಇಷ್ಟು ಹೊತ್ತೂ ಗೋಡೆಗೊರಗಿ ನಿಂತಿದ್ದ ಕುಮರೇಶನ್, ತಾಯಿಯೆದುರು ಎಂದೂ ದನಿಯೆತ್ತದವನು, ಬಾಯಿ ತೆರೆದ. "ಹಾಸು ಸಿಕ್ಕಾದ್ರೆ ಕೂತು ಬಿಡಿಸ್ತೀವಿ ಅವ್ವಾ. ಮಗ್ಗಕ್ಕೆ ಕರ್ಪೂರ ಹಚ್ಚಿ ಕೈ ಕಟ್ಕೊಂಡು ಕೂರ್ತೀವಾ?"

ವಿಜಯಕುಮಾರಿ ಅತ್ತೆಯ ಮುಖ ನೋಡದೆ ಹಿನಾಳ ಹಿಂದೆ ಹೋಗಿ ಸಹಿ ಹಾಕಿದಳು.

ಆಪರೇಷನ್ನಿನಲ್ಲಿ ಹಳೆಯ ರಕ್ತವೆಲ್ಲ ಕಪ್ಪಗೆ, ಮಂದವಾಗಿ ಹರಿದುಹೋಯಿತಂತೆ. ಪ್ರಜ್ಞೆ ಬಂದಾಗ ಇಲಕ್ಕಿಯಾಳ ಕೈ ತಾನಾಗಿ ಕಿಬ್ಬೊಟ್ಟೆಗೆ ಹೋಯಿತು. ಅಲ್ಲಿ ಏನನ್ನೋ ಹುಡುಕಿ, ಸಿಗದೆ, ಹಾಸಿಗೆಯ ಮೇಲೆ ಇಳಿಯಿತು. "ಇಳೀತು ಅಮ್ಮಾ," ಎಂದು ಗೊಣಗಿ ಮತ್ತೆ ನಿದ್ದೆ ಹೋದಳು. ಎಷ್ಟೋ ತಿಂಗಳ ನಿದ್ದೆ ಬಾಕಿಯಿತ್ತು ಆ ಮಗುವಿಗೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ. ಮಗಳು ಬದುಕಿದಳು, ಗೆದ್ದೆವು ಎಂದು ಸುಮ್ಮನಾಗುತ್ತಿದ್ದೆ. ಆದರೆ ಮನೆಗೆ ಬರುವ ಬಸ್ಸಿನಲ್ಲೇ ರಾಮಾತಾಳ್, "ಅಪೆಂಡಿಕ್ಸ್ ಅಂತ ಹೇಳಣ," ಎಂದಳು. ವಿಜಯಕುಮಾರಿ ದಣಿದಿದ್ದಳು. ಹೂಂ ಎಂದುಬಿಟ್ಟಳು. ಬೀದಿಯವರು ಹಣ್ಣು ಹಿಡಿದು ನೋಡಲು ಬಂದರು, ಮನೆಯವರು ಅಪೆಂಡಿಕ್ಸ್ ಎಂದರು, ಹಣ್ಣು ತಿಂದರು. ಹಳೆಯ ಸುಳ್ಳಿನ ಮೇಲೆ ಹೊಸ ಸುಳ್ಳು ಕೂತಿತು. ಇಲಕ್ಕಿಯಾ ತಾಯಿಯ ಮುಖವನ್ನು ಒಮ್ಮೆ ನೋಡಿದಳು. ಆ ನೋಟ ವಿಜಯಕುಮಾರಿಯ ರಾಟೆಯ ಜೊತೆ ದಿನವೂ ಸುತ್ತುತ್ತಿತ್ತು.

ಸಂಕ್ರಾಂತಿಯ ತೈ ತಿಂಗಳು ಬಂತು. ಬೀದಿಯ ತಿರುವಿನಲ್ಲಿ ಹೊಸ ಫ್ಲೆಕ್ಸ್ ಎದ್ದಿತು. ತಮಿಳ್‌ಸೆಲ್ವಿಯ ಮಗಳು ತೆನ್ಮೊಳಿ ದೊಡ್ಡವಳಾಗಿದ್ದಳು. ಇಲಕ್ಕಿಯಾಳಿಗಿಂತ ಒಂದು ವರ್ಷ ಚಿಕ್ಕವಳು. ಬೆಳಗಿನ ಮುಹೂರ್ತ, ಮಂಟಪದ ತುಂಬ ಜನ, ತಮಿಳರು, ನಮ್ಮವರು, ಫೋಟೋದವರು. ವೆಲ್ಲಿಂಗಿರಿಯೂ ನೂಲಿನ ವ್ಯಾನಿನಲ್ಲಿ ವೆಳ್ಳಕೋಯಿಲಿನಿಂದ ಬಂದಿದ್ದ. ನಾಗಸ್ವರ, ಮಲ್ಲಿಗೆ, ಸಾಂಬ್ರಾಣಿ ಹೊಗೆ ಎಲ್ಲ ಸೇರಿ ವಿಜಯಕುಮಾರಿಗೆ ತಾನು ಎಲ್ಲಿದ್ದೇನೆಂಬುದೇ ಮಸುಕಾಯಿತು. ಹೊಗೆಯ ಆಚೆ ಜರಿ ಸೀರೆಯುಟ್ಟು ಕೂತವಳು ಒಮ್ಮೆ ತೆನ್ಮೊಳಿಯಂತೆ, ಒಮ್ಮೆ ತನ್ನ ಮಗಳಂತೆ ಕಾಣುತ್ತಿದ್ದಳು.

ಪಕ್ಕಕ್ಕೆ ಬಂದು ಕೂತ ತಮಿಳ್‌ಸೆಲ್ವಿ ಸೆರಗು ಬಾಯಿಗೆ ಹಿಡಿದು, ಮನೆಮಾತಿನಲ್ಲಿ ಪಿಸುಗುಟ್ಟಿದಳು:

"ಅಕ್ಕಾ, ನಮ್ಮೊಳಗೇ ಇರ್ಲಿ. ಇವ್ಳಿಗೆ ಇನ್ನೂ ಆಗೇ ಇಲ್ಲ. ಏನ್ ಮಾಡ್ಲಿ, ಜನ ಬಿಡಲ್ಲ. ಮುಂಚೇನೇ ಮುಗಿಸ್ಬುಟ್ಟೆ. ಈಗೀಗ ಹೊಟ್ಟೆನೋವು ಬೇರೆ ಬತ್ತದೆ. ಆಗೋ ಲಕ್ಷಣ ಅಲ್ವಾ ಅದು?"

ವಿಜಯಕುಮಾರಿ ತಲೆಯೆತ್ತಿದಳು. ಹೊಗೆ ಸರಿಯಿತು. ತೆನ್ಮೊಳಿಯ ಬಲಗೈ ಭಾರದ ಹಾರದ ಕೆಳಗೆ ನುಸುಳಿ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿತ್ತು.

ಆ ಕೈ ಅವಳಿಗೆ ಗೊತ್ತು.

ಹೇಳಿದರೆ ಏನಾಗುತ್ತದೆಂಬುದೂ ಅವಳಿಗೆ ಗೊತ್ತು. ಅಣ್ಣ ಅಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಅವನು ನೇಯ್ದ ಸೀರೆ, ಒರೆಸಿಕೊಂಡ ಕಣ್ಣೀರು. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಮಗಳು? ಇದು ಮಗಳ ಮೈಯ ಮಾತು. ಅವಳನ್ನು ಕೇಳದೆ ಮತ್ತೊಮ್ಮೆ ಅವಳನ್ನು ಊರಿನ ಬಾಯಿಗೆ ಹಾಕುವುದೇ? ಅವಳು ತಿರುಗಿದಳು. ಇಲಕ್ಕಿಯಾ ಆಗಲೇ ಆ ಕೈಯನ್ನು ನೋಡಿದ್ದಳು. ಅವಳ ಕಣ್ಣು ತುಂಬಿತ್ತು.

"ಹೇಳು ಅಮ್ಮಾ," ಎಂದಳು. "ನಂದನ್ನೂ ಹೇಳು."

ವಿಜಯಕುಮಾರಿ ಎದ್ದಳು. ಅರಿಸಿನದ ನೀರಿನ ಕೊಡ ಎತ್ತಿದ್ದ ಹೆಂಗಸರ ಕೈ ಹಿಡಿದು ನಿಲ್ಲಿಸಿದಳು. ಆಮೇಲೆ ಮಾತಾಡಿದ್ದು ತಮಿಳಿನಲ್ಲಿ, ಅಡುಗೆಯವರಿಗೂ ಫೋಟೋದವನಿಗೂ ಕೇಳುವಂತೆ. ಇನ್ನು ಅವಳಿಗೆ ಮುಚ್ಚಿಡುವ ಮಾತು ಬೇಡವಾಗಿತ್ತು.

"ಹೋದ ವರ್ಷ ನನ್ನ ಮಗಳನ್ನೂ ಇಲ್ಲಿ ಕೂರಿಸಿದ್ದೆ. ಅವಳು ದೊಡ್ಡವಳಾಗಿರಲಿಲ್ಲ. ನಾನು ಸುಳ್ಳು ಹೇಳಿದ್ದೆ. ಒಳಗೆ ದಾರಿ ಮುಚ್ಚಿತ್ತು, ರಕ್ತ ತುಂಬಿ ಸಾಯುವ ಹಾಗಾಗಿದ್ದಳು. ಅಪೆಂಡಿಕ್ಸ್ ಅಲ್ಲ, ಅದೂ ಸುಳ್ಳು. ಸ್ಕ್ಯಾನ್ ಮಾಡಿ ನೋಡಿದ ಮೇಲೆ ಬದುಕಿದಳು. ಇವಳಿಗೂ ನೋವಿದೆ. ಅದೇ ಇರಬಹುದು, ಬೇರೆ ಏನಾದರೂ ಇರಬಹುದು, ನನಗೆ ತಿಳಿಯದು. ನೋಡದೆ ಯಾರಿಗೂ ತಿಳಿಯದು. ಈ ಹುಡುಗಿಯ ತಲೆಗೆ ಇವತ್ತು ನೀರು ಸುರಿಯಲು ನಾನು ಬಿಡುವುದಿಲ್ಲ."

ನಾಗಸ್ವರ ನಿಂತಿತು. "ಮಾನ ಕಳೆದಳಲ್ಲಪ್ಪಾ!" ಎಂದು ರಾಮಾತಾಳ್ ತಲೆ ಚಚ್ಚಿಕೊಂಡಳು. ತಮಿಳ್‌ಸೆಲ್ವಿ ಬಾಯಿಗೆ ಬಂದದ್ದೆಲ್ಲ ಬೈದಳು, ಎರಡು ಭಾಷೆಯಲ್ಲೂ ಬೈದಳು. ಆ ಗದ್ದಲದ ನಡುವೆ ಇಲಕ್ಕಿಯಾ ವೇದಿಕೆ ಹತ್ತಿ, ತೆನ್ಮೊಳಿಯ ಕುತ್ತಿಗೆಯಿಂದ ಭಾರದ ಹಾರ ತೆಗೆದು, ಕೆಳಗೆ ಕೂತು ಏನೋ ಕೇಳಿದಳು. ಹುಡುಗಿ ತಲೆಯಾಡಿಸಿ, ಅವಳ ಹೆಗಲಿಗೆ ಮುಖ ಒತ್ತಿ ಬಿಕ್ಕಿದಳು.

ವೆಲ್ಲಿಂಗಿರಿ ಜನರನ್ನು ಸರಿಸಿಕೊಂಡು ತಂಗಿಯ ಮುಂದೆ ಬಂದು ನಿಂತ. ವಿಜಯಕುಮಾರಿ ಕಣ್ಣು ಮುಚ್ಚಿಕೊಂಡಳು. ಹೊಡೆಯಲಿ, ಹೊಡೆದರೆ ಹಗುರವಾಗುತ್ತೇನೆ ಅಂದುಕೊಂಡಳು.

"ಸೀರೆ ಹೋದ್ರೆ ಹೋಯ್ತು. ನನ್ ಹತ್ರ ಯಾಕೆ ಹೇಳ್ಲಿಲ್ಲ ತಂಗೀ?" ಎಂದ ಅವನು, ದನಿ ಒಡೆದಿತ್ತು. ಜೇಬಿನಿಂದ ವ್ಯಾನಿನ ಕೀಲಿ ತೆಗೆದ. "ಆ ಮಗೂನ ಕರ್ಕೊಂಡು ಬಾ. ನಾನು ಬಾಗಿಲಿಗೆ ಗಾಡಿ ತರ್ತೀನಿ."

ವ್ಯಾನ್ ಹೊರಟಾಗ ತಮಿಳ್‌ಸೆಲ್ವಿ ಬೈಯುತ್ತಲೇ ಚಪ್ಪಲಿಯಿಲ್ಲದೆ ಓಡಿ ಬಂದು ಹತ್ತಿದಳು. ಕೊಯಮತ್ತೂರಿನವರೆಗೂ ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದಾರಿಯ ಇಕ್ಕೆಲದ ತೆಂಗುಗಳು ಹಿಂದಕ್ಕೆ ಹಿಂದಕ್ಕೆ ಹೋದವು, ಅವಳ ಬೈಗುಳವೂ ಅವುಗಳ ಜೊತೆ ಹಿಂದೆ ಉಳಿಯಿತು.

ಅದೇ ತಣ್ಣನೆಯ ಅರೆಗತ್ತಲ ಕೋಣೆ, ಅದೇ ಗುಂಯ್ ಸದ್ದು. ತೆನ್ಮೊಳಿಯ ಕೆನ್ನೆಯ ಮೇಲೆ ಮಂಟಪದ ಅರಿಸಿನ ಇನ್ನೂ ಹಾಗೇ ಇತ್ತು. ಹಿನಾ ವಿಜಯಕುಮಾರಿಯನ್ನು ಗುರುತು ಹಿಡಿದು ಸುಮ್ಮನೆ ತಲೆಯಾಡಿಸಿದಳು. ಆಮೇಲೆ ತಮಿಳ್‌ಸೆಲ್ವಿಯ ಕಡೆ ತಿರುಗಿ, ಈಗ ಮೊದಲಿಗಿಂತ ಸ್ವಲ್ಪ ತಿದ್ದಿಕೊಂಡಿದ್ದ ತಮಿಳಿನಲ್ಲಿ ಕೇಳಿದಳು:

"ಮಾಸಾ ಮಾಸಂ ಸರಿಯಾ ವರುದಾಮ್ಮಾ?"

ತಮಿಳ್‌ಸೆಲ್ವಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮಗಳ ಕೈ ನೋಡಿದಳು.

"ಇಲ್ಲ," ಎಂದಳು. "ಇನ್ನೂ ಬಂದಿಲ್ಲ."